ಸೆಲಿನ್ ಬಾಯಿ ಕಣ್ಣು ಮುಚ್ಚುವ ಹೊತ್ತು

ಆನಂದಪುರದಿಂದ ಒಳಕ್ಕೆ, ಗದ್ದೆ ಬಯಲಿನ ಅಂಚಿಗೆ ನಮ್ಮ ಅಂಗನವಾಡಿ. ಸೆಲಿನ್ ಬಾಯಿ ಅಲ್ಲಿ ಟೀಚರ್, ನಾನು ಅಡುಗೆಯ ಸಹಾಯಕಿ. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆ ಬಂದು ಇಲ್ಲೇ ಉಳಿದ ಮೇಸ್ತ್ರಿಯೊಬ್ಬರ ಮಗಳು ಅವರು. ಈಗಿನ ಮಕ್ಕಳ ಅಪ್ಪಂದಿರಿಗೂ ಅ ಆ ಕಲಿಸಿದವರು. ನಾವಿಬ್ಬರೂ ಕ್ರೈಸ್ತರು, ಒಂದೇ ಇಗರ್ಜಿಯವರು. ಆದರೆ ನನ್ನ ಪ್ರಾರ್ಥನೆ ಒಲೆಯ ಮುಂದೆ ಅವಸರದಲ್ಲಿ ಮುಗಿಯುತ್ತದೆ. ಸೆಲಿನ್ ಬಾಯಿಯದು ಹಾಗಲ್ಲ. ಮಕ್ಕಳ ಜೊತೆ ಊಟಕ್ಕೆ ಕೂತಾಗ ಶಿಲುಬೆಯ ಗುರುತು ಮಾಡಿಕೊಂಡು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾರೆ. ಅಷ್ಟರಲ್ಲಿ ನಾನು ಬೇಯಿಸಿದ ಮೊಟ್ಟೆ ತಂದು ತಟ್ಟೆಗಳಿಗೆ ಹಾಕುತ್ತೇನೆ.

ಕೇರಿಯ ಹಿರಿಯ ದುಗ್ಗಪ್ಪನ ಮೊಮ್ಮಗಳು ಬಿಂದು ಒಂದು ದಿನ ಮನೆಯಲ್ಲೂ ತಟ್ಟೆಯ ಮುಂದೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳಂತೆ. ಮುದುಕ ಕೆಂಡಾಮಂಡಲವಾಗಿ ಬಂದ.

"ಏನ್ ಬಾಯಮ್ಮ, ಅನ್ನ ಹಾಕೋ ನೆಪದಲ್ಲಿ ನಮ್ ಮಕ್ಳ ಜಾತಿ ಕೆಡಿಸ್ತಿದೀರಾ?"

"ಇಲ್ಲ ದುಗ್ಗಪ್ಪಣ್ಣ. ಪ್ರಾರ್ಥನೆ ನಂದು. ಮಕ್ಳಿಗೆ ಹೇಳ್ಕೊಟ್ಟಿಲ್ಲ."

"ಹಂಗಾರೆ ಅದನ್ನ ಬಿಟ್ಬಿಡಿ. ಮಕ್ಳು ಬರ್ತಾವೆ."

"ದೇವ್ರಿಗೆ ಹೇಳ್ದೆ ಒಂದು ತುತ್ತೂ ನಂಗೆ ಇಳಿಯಲ್ಲ. ಕದ್ದು ಹೇಳೋಕೂ ಬರಲ್ಲ."

ಮರುದಿನದಿಂದ ಒಂದು ಮಗುವೂ ಬರಲಿಲ್ಲ. ಹೀಗೇ ಆದರೆ ಅಂಗನವಾಡಿಯನ್ನು ಮುಚ್ಚಿ ಹೆದ್ದಾರಿಯಾಚೆಯದಕ್ಕೆ ಸೇರಿಸುತ್ತೇವೆ ಎಂದು ಮೇಲ್ವಿಚಾರಕಿ ಹೇಳಿ ಹೋದರು. ಲಾರಿ ಓಡಾಡುವ ಆ ರಸ್ತೆಯನ್ನು ಪುಟ್ಟ ಮಕ್ಕಳು ದಾಟುವುದುಂಟೇ? ನನಗೆ ಮೈಯೆಲ್ಲ ಉರಿಯಿತು. ನಾಲ್ಕು ದಿನ ಒಳಗೆ ಹೋಗಿ ಪ್ರಾರ್ಥನೆ ಮಾಡಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಸೆಲಿನ್ ಬಾಯಿ ಮಾತ್ರ ದಿನವೂ ಬಾಗಿಲು ತೆರೆದು, ಗುಡಿಸಿ, ಗಂಟೆ ಬಾರಿಸಿ, ಚಾಪೆ ಹಾಸಿ ಕಾದರು.

ಬಿಂದುವಿನ ತಾಯಿ ಸುಪ್ರಿಯಾ ಆಗ ಬಸುರಿ. ಬಸುರಿಯರ ಊಟವೂ ನಮ್ಮಲ್ಲೇ. ಮಾವ ಅವಳನ್ನೂ ಕಳಿಸಲಿಲ್ಲ. ಸೆಲಿನ್ ಬಾಯಿ ಊಟವನ್ನು ಕ್ಯಾರಿಯರಿಗೆ ತುಂಬಿಕೊಂಡು ಅವರ ಮನೆಗೇ ಹೊರಟರು, ಹಿಂದೆ ನಾನು. ಮುದುಕ ಅಂಗಳದ ಬೇಲಿಗೆ ಅಡ್ಡಗಳು ಹಾಕಿದ ದಣಪೆ ತೆಗೆಯಲಿಲ್ಲ. ಇವರು ಕ್ಯಾರಿಯರನ್ನು ಪಕ್ಕದ ಕಲ್ಲಿನ ಮೇಲಿಟ್ಟು ಬಂದರು. ಸಂಜೆ ನೋಡಿದರೆ ಮುಟ್ಟದೆ ಹಾಗೇ ಇತ್ತು. ಮರುದಿನ ಮತ್ತೆ ಹೊರಟರು.

"ಮರ್ಯಾದೆ ಇಲ್ವಾ ನಮ್ಗೆ?" ಎಂದು ರೇಗಿದೆ.

"ಬೇಡ ಬೇಡ ಅಂದ ಶಿಷ್ಯ ಪೇತ್ರನ ಕಾಲನ್ನೂ ಯೇಸುಸ್ವಾಮಿ ತೊಳೆದ್ರಲ್ಲ ಮಾರಾಯ್ತಿ. ನಡಿ, ಸಾರು ಆರುತ್ತೆ" ಎಂದರು.

ವಾರಗಳು ಹೀಗೇ ಕಳೆದವು. ಒಂದು ಮಧ್ಯಾಹ್ನ ಕ್ಯಾರಿಯರ್ ಕಂಡ ಬಿಂದು ಓಡಿ ಬಂದು, ದಣಪೆ ಹಿಡಿದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ತುಟಿ ಅಲ್ಲಾಡಿಸತೊಡಗಿದಳು. ದುಗ್ಗಪ್ಪ ಹಿಂದೆಯೇ ಬಂದ.

"ಏನೇ ಅದು? ಯಾವ ಮಂತ್ರ ಹೇಳ್ತಿದೀಯ?"

"ಮಂತ್ರ ಅಲ್ಲಜ್ಜ, ಮೊಟ್ಟೆ! ಟೀಚರ್ ಕಣ್ ಮುಚ್ಚಿದ್ರೆ ತಟ್ಟೇಲಿ ಮೊಟ್ಟೆ ಬರುತ್ತೆ. ಮನೇಲಿ ಎಷ್ಟ್ ಮುಚ್ಚಿದ್ರೂ ಬರಲ್ಲ."

ನನಗೆ ನಗು ತಡೆಯಲಾಗಲಿಲ್ಲ. ತಂದು ಹಾಕಿದವಳು ನಾನು, ಹೆಸರು ಟೀಚರ್ ಕಣ್ಣಿಗೆ! ಜಗಲಿಯಲ್ಲಿ ಸುಪ್ರಿಯಾ ಕೂಡ ಬಾಯಿಗೆ ಕೈ ಅಡ್ಡ ಹಿಡಿದಳು. ದುಗ್ಗಪ್ಪ ನಗಲಿಲ್ಲ. ಸೆಲಿನ್ ಬಾಯಿಯ ಕಡೆ ತಿರುಗಿದ.

"ನೀವು ಕಣ್ ಮುಚ್ಚಿ ಏನ್ ಕೇಳ್ತೀರಿ ಬಾಯಮ್ಮ?"

"ಉಣ್ಣೋ ಮಕ್ಳು ಚೆನ್ನಾಗಿರ್ಲಿ ಅಂತ. ಈಗ ನಿಮ್ಮ ಹೆಸರೂ ಸೇರ್ಸಿದೀನಿ."

"ನಂದ್ಯಾಕೆ?"

"ಸಿಟ್ಟು ಇಳೀಲಿ ಅಂತ. ಸೊಸೆಗೆ ಹೆರಿಗೆ ಸಲೀಸಾಗ್ಲಿ ಅಂತಾನೂ."

ಮುದುಕ ದಣಪೆಯ ಗಳು ಸರಿಸಿದ. ಕ್ಯಾರಿಯರನ್ನು ತಾನೇ ಒಳಗೆ ಒಯ್ದ.

ಮರುದಿನ ಬಿಂದುವಿನ ಕೈ ಹಿಡಿದು ಬಂದ. ಹಿಂದೆ ಕೇರಿಯ ಮಕ್ಕಳೆಲ್ಲ. ಊಟದ ಹೊತ್ತಾದರೂ ಅವನು ಹೋಗಲಿಲ್ಲ, ಬಾಗಿಲ ಬಳಿ ಕೂತೇ ಇದ್ದ. ಇವತ್ತೊಂದು ದಿನ ಬಿಟ್ಟುಬಿಡಿ ಎಂದು ಸೆಲಿನ್ ಬಾಯಿಗೆ ಕಣ್ಸನ್ನೆ ಮಾಡಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಎಂದಿನಂತೆ ಶಿಲುಬೆಯ ಗುರುತು ಮಾಡಿ ಕಣ್ಣು ಮುಚ್ಚಿದರು. ದುಗ್ಗಪ್ಪ ಎದ್ದ. ಅವನು ನೇರ ಬಂದು ನನ್ನ ಕೈಯಿಂದ ಮೊಟ್ಟೆಯ ಪಾತ್ರೆ ಇಸಿದುಕೊಂಡ. ಸದ್ದು ಮಾಡದೆ ಬಗ್ಗಿ ಬಗ್ಗಿ ಒಂದೊಂದು ತಟ್ಟೆಗೂ ಇಡುತ್ತ ಹೋದ.

ಸೆಲಿನ್ ಬಾಯಿ ಕಣ್ಣು ತೆರೆದಾಗ ಅವರ ತಟ್ಟೆಯಲ್ಲೂ ಒಂದು ಮೊಟ್ಟೆ ಇತ್ತು.