ಗಾಳಿ ಬೇಡುವ ಪಂಖಾ

ಬೆಳಗಿನ ಐದೂವರೆ. ಕುಷಾಯಿಗೂಡ ಬಡಾವಣೆಯ ಮನೆಯೊಂದರ ಮಾಳಿಗೆಯ ಮೇಲೆ ಬಂಡೆಪ್ಪ ಕಬ್ಬಿಣದ ಕಂಬವೇರಿ ಹಗ್ಗ ಬಿಚ್ಚುತ್ತಿದ್ದಾರೆ. ಕಂಬದ ತುದಿಯಲ್ಲಿ ಗುಜರಿಯ ಅರ್ಧ ಎಚ್‌ಪಿ ಮೋಟಾರು, ಅದರ ಮೂತಿಗೆ ನೀರಿನ ಪೈಪು ಸೀಳಿ ಮಾಡಿದ, ತಿರುಗದಂತೆ ಹಗ್ಗದಿಂದ ಬಿಗಿದ ಮೂರು ರೆಕ್ಕೆ. ಕರೆಂಟು ತಿಂದು ತಿರುಗುತ್ತಿದ್ದ ಮೋಟಾರು ಇನ್ನು ಗಾಳಿಗೆ ತಿರುಗಿ ಕರೆಂಟು ಕೊಡಬೇಕು.

ಕೊಡಲೇಬೇಕು. ಸಂಜೆಯಾದರೆ ಓಣಿಯಲ್ಲಿ ಕರೆಂಟು ಹೋಗುತ್ತದೆ. ಸೀರೆಗಳಿಗೆ ಫಾಲ್ ಹೊಲಿಯುವ ಹೆಂಡತಿ ಶಿವದೇವಿ ಸೀಮೆಎಣ್ಣೆಯ ಚಿಮಣಿ ಹಚ್ಚಿದರೆ ಹೊಗೆಗೆ ಉಬ್ಬಸ ಎದ್ದೇಳುತ್ತದೆ. ಇನ್ನು ಚಿಮಣಿ ಮುಟ್ಟಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ.

ಹುಮನಾಬಾದ್ ಕಡೆಯಿಂದ ಬಂದ ಬಂಡೆಪ್ಪ ಮೂವತ್ತು ವರ್ಷಗಳಿಂದ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದಾರೆ. ದಿನಕ್ಕೆ ಎರಡು, ಬೇಸಿಗೆಯಲ್ಲಿ ನಾಲ್ಕು. ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಮೊದಲಿಂದ ಎಣಿಸುತ್ತಾರೆ, ಬೈಯುವುದಿಲ್ಲ.

ಈ ಮೋಟಾರಿಗೂ ದಪ್ಪ ತಂತಿ ಸುತ್ತಿ, ಒಳಗೆ ತಿರುಗುವ ರೋಟರನ್ನು ಲೇತಿನಲ್ಲಿ ಕೆತ್ತಿಸಿ, ಅಯಸ್ಕಾಂತದ ಬಿಲ್ಲೆಗಳನ್ನು ನೇರ ಸಾಲಾಗಿ ಅಂಟಿಸಿದ್ದರು. ಮೊದಲ ಸಲ ಕಂಬಕ್ಕೇರಿಸಿದಾಗ ಆಷಾಢದ ಗಾಳಿ ಬಂತು, ಓಣಿಯ ತಗಡುಗಳೆಲ್ಲ ಕುಣಿದವು. ರೆಕ್ಕೆ ಮಾತ್ರ ಕದಲಲಿಲ್ಲ. ಮನೆ ಮಾಲಕಿ ಗೋದಾಬಾಯಿ ಕೆಳಗಿನಿಂದಲೇ ನೋಡಿದರು. “ಬಂಡೆಪ್ಪಾ, ಮಂದಿ ಪಂಖಾ ಗಾಳಿ ಕೊಡ್ತಾವ. ನಿಂದು ಗಾಳಿ ಬೇಡ್ಲಿಕ್ಕೆ ನಿಂತದಲ್ಲೋ.”

ಬಂಡೆಪ್ಪ ನಕ್ಕರು, ಆ ರಾತ್ರಿ ನಿದ್ದೆ ಮಾತ್ರ ಬರಲಿಲ್ಲ. ಮರುದಿನ ಅಂಗಡಿಯಲ್ಲಿ ಯಾರದೋ ಸುಟ್ಟ ಮೋಟಾರು ಬಿಚ್ಚಿದರೆ, ಅದರ ರೋಟರಿನ ಮೇಲಿನ ಅಲ್ಯುಮಿನಿಯಂ ಪಟ್ಟಿಗಳೆಲ್ಲ ಓರೆ. ಸಾವಿರಾರು ಸಲ ಕಂಡದ್ದೇ. ಕಂಪನಿಯವರ ಅಚ್ಚು ಸೊಟ್ಟಗಿರಬೇಕೆಂದು ಇಷ್ಟು ವರ್ಷ ನಗುತ್ತಿದ್ದವರು ಅಂದು ನಗಲಿಲ್ಲ. ಅಯಸ್ಕಾಂತದ ನೇರ ಸಾಲು ಸುತ್ತಲಿನ ಕಬ್ಬಿಣದ ಹಲ್ಲುಗಳನ್ನು ಒಮ್ಮೆಲೇ ಕಚ್ಚಿ ನಿಲ್ಲುತ್ತದೆ. ಓರೆ ಸಾಲು ಒಂದನ್ನು ಹಿಡಿಯುವಷ್ಟರಲ್ಲಿ ಇನ್ನೊಂದನ್ನು ಬಿಟ್ಟಿರುತ್ತದೆ!

“ಅದು ಸೊಟ್ಟ ಅಲ್ರಿ, ಶಾಣ್ಯಾತನ,” ಎನ್ನುತ್ತಾರೆ ಈಗ. “ಮೂವತ್ತು ವರ್ಷ ಕೈಯಾಗ ಹಿಡದು ನೋಡೀನಿ, ಯಾಕ ಅಂತ ಒಮ್ಮೀನೂ ಕೇಳಲಿಲ್ಲ.” ಬಿಲ್ಲೆಗಳನ್ನೆಲ್ಲ ಕಿತ್ತು, ಓರೆಯಾಗಿ ಅಂಟಿಸಿ, ನಿನ್ನೆಯಷ್ಟೇ ಮತ್ತೆ ಕಂಬಕ್ಕೇರಿಸಿದ್ದಾರೆ.

ಹಗ್ಗ ಬಿಚ್ಚಿಕೊಂಡಿತು. ರೆಕ್ಕೆ ಒಮ್ಮೆ ತೂಗಿತು, ಅನುಮಾನಿಸಿತು, ಸರಕ್ಕನೆ ಹೊರಳಿತು. ಆಮೇಲೆ ರೆಕ್ಕೆ ಮೂರೋ ಆರೋ ಎಣಿಸಲಾಗದು. ಬಂಡೆಪ್ಪ ಕಂಬವನ್ನು ತಬ್ಬಿಕೊಂಡೇ ನಿಂತಿದ್ದಾರೆ. ಅದರ ನಡುಕ ಎದೆಗೆ ಬರುತ್ತಿದೆ. ಕೆಳಗೆ ಹಳೆಯ ಕಾರಿನ ಬ್ಯಾಟರಿ ತುಂಬತೊಡಗಿದೆ.

ಸಂಜೆ ಏಳಕ್ಕೆ ಓಣಿ ಕತ್ತಲಾಗುತ್ತದೆ. ಶಿವದೇವಿ ಸ್ಕೂಟರಿನ ಬಲ್ಬಿನ ಕೆಳಗೆ ಸೂಜಿಗೆ ದಾರ ಪೋಣಿಸುತ್ತಾರೆ. ಒಂದು ತಾಸು, ಎರಡು ತಾಸು, ಕೆಮ್ಮಿಲ್ಲ. ಗೋದಾಬಾಯಿಯೂ ಅಕ್ಕಿ ಆರಿಸುವ ನೆಪದಲ್ಲಿ ಮೊರದ ಸಮೇತ ಬಂದು ಕೂತಿದ್ದಾರೆ.

ಪತ್ರಿಕೆಯಲ್ಲಿ ನಿಮ್ಮ ಹೆಸರು ಬರುತ್ತದೆ ಎಂದರೆ ಬಂಡೆಪ್ಪ ತಲೆ ಕೆರೆದುಕೊಳ್ಳುತ್ತಾರೆ. “ನಂದೇನೈತ್ರಿ. ಆ ಪಟ್ಟಿ ಮೊದಲ ಓರೆ ಕೂಡಿಸಿದಾಂವ ಯಾವ ದೇಶದಾಂವೋ, ಅವನ ಹೆಸರು ಯಾರಿಗೆ ಗೊತ್ತೈತಿ? ಅವನ್ನ ಕರಕೊಂಡು ಬಂದು ಈ ದೀಪದ ಕೆಳಗ ಕುಂದ್ರಿಸಿ, ಒಂದು ಕಪ್ ಚಾ ಕುಡಿಸಬೇಕು ಅನಸ್ತೈತಿ.”