ಶ್ರಾವಣ ಶುಕ್ರವಾರದ ಕಮಿಷನರ್

ತೊಂಬತ್ತರ ದಶಕದಲ್ಲಿ ಕರಿ ಕೋಟು ತೊಟ್ಟ ಮೊದಲ ಕೆಲವು ವರ್ಷ ನನ್ನ ಹೆಸರಿನಲ್ಲಿ ನಾನು ಒಂದು ಕೇಸನ್ನೂ ನಡೆಸಲಿಲ್ಲ. ಹಾಗಂತ ಮೈಸೂರಿನ ಕೋರ್ಟುಗಳಲ್ಲಿ ನಾನು ಹಾಕದೆ ಬಿಟ್ಟ ವೇಷವೂ ಇಲ್ಲ. ನಮ್ಮ ಸೀನಿಯರ್‌ಗೆ ಹಲ್ಲುನೋವು ಬಂದ ದಿನ ನಾನೇ ಸೀನಿಯರ್. ಸಂಜೆ ಕಾಲೇಜಿನ ಉಪನ್ಯಾಸಕಿ ಬಾಣಂತನಕ್ಕೆ ಹೋದಾಗ ಆಕೆಯ ಜಾಗದಲ್ಲಿ ನಿಂತು ಕಾನೂನು ಪಾಠ ಹೇಳಿದೆ, ಆಕೆ ಮರಳಿದ ದಿನ ನಾಮಕರಣದ ಲಾಡು ತಿಂದು ಇಳಿದೆ. ಒಂದು ಸಹಕಾರ ಸಂಘದ ಕಾನೂನು ಸಲಹೆಗಾರರು ಕಾಶಿಯಾತ್ರೆಗೆ ಹೊರಟರು. ಅವರು ಗಂಗೆಯಲ್ಲಿ ಮುಳುಗಿ ಎದ್ದು ಬರುವಷ್ಟು ಕಾಲ ನಾನು ಸಲಹೆಗಾರ್ತಿ. ಎಲ್ಲವೂ ಹಂಗಾಮಿ. ಯಾವ ಕುರ್ಚಿಯೂ ನಾನು ಕೂತು ಬೆಚ್ಚಗಾಗುವ ತನಕ ನನ್ನದಾಗಿ ಉಳಿಯುತ್ತಿರಲಿಲ್ಲ. ಇದರಿಂದ ನನಗೆ ದುಃಖವಾಗುತ್ತಿತ್ತು ಎಂದು ಬರೆದರೆ ಓದುವವರಿಗೆ ಕರುಣೆ ಹುಟ್ಟೀತು, ಆದರೆ ಅದು ಸುಳ್ಳು. ನನಗೆ ಖುಷಿಯೋ ಖುಷಿ. ತಿಂಗಳಿಗೊಂದು ಅವತಾರ ಎತ್ತುವ ಭಾಗ್ಯ ಯಾವ ಖಾಯಂ ನೌಕರನಿಗಿದೆ?

ನಮ್ಮ ಮನೆ ಇಲವಾಲದಲ್ಲಿ. ಅಪ್ಪನದು ಹುಣಸೂರು ರಸ್ತೆಗೆ ಮುಖ ಮಾಡಿದ ದಿನಸಿ ಅಂಗಡಿ. ಮಠದ ಸ್ವಾಮಿಗಳು ಬಂದರೆ ಪಾದಪೂಜೆ ಮಾಡುವ, ಹಣೆಗೆ ವಿಭೂತಿ ಹಚ್ಚದೆ ಗಲ್ಲಾಪೆಟ್ಟಿಗೆ ತೆರೆಯದ ಮನೆತನ. ಅಂಗಡಿಗೆ ಬಂದವರೆಲ್ಲ, "ಏನ್ ಸಾವ್ಕಾರ್ರೇ, ಮಗಳಿಗೆ ಕೆಲಸ ಆಯ್ತಾ?" ಎಂದು ಕೇಳುವರು. ಅಪ್ಪ ತಕ್ಕಡಿಯಿಂದ ಕಣ್ಣೆತ್ತದೆ, "ಆಯ್ತಾನೇ ಇರ್ತದೆ ಕಣಪ್ಪ" ಎನ್ನುವರು.

ಈ ಅವತಾರಗಳಲ್ಲೆಲ್ಲ ಅತಿ ಚಿಕ್ಕದು, ಅತಿ ಗತ್ತಿನದು, ಕೋರ್ಟ್ ಕಮಿಷನರ್‌ಗಿರಿ. ಎರಡು ಮನೆಯವರು ಗೋಡೆಗೋ ದಾರಿಗೋ ಜಗಳವಾಡಿ ಕೋರ್ಟಿಗೆ ಬಂದರೆ ನ್ಯಾಯಾಧೀಶರು ಎದ್ದುಹೋಗಿ ಜಾಗ ನೋಡಿಬರಲು ಆಗುವುದಿಲ್ಲ. ಆದ್ದರಿಂದ ಕೈ ಖಾಲಿ ಇರುವ ಒಬ್ಬ ಕಿರಿಯ ವಕೀಲರನ್ನು ಕಳಿಸುತ್ತಾರೆ. ಆ ವಕೀಲರು ಜಾಗ ನೋಡಿ, ನಕ್ಷೆ ಬರೆದು, ಮಹಜರು ಮಾಡಿ, ವರದಿ ಕೊಟ್ಟ ಕ್ಷಣಕ್ಕೆ ಅಧಿಕಾರ ಮುಗಿಯಿತು. ಕೈ ಖಾಲಿ ಇರುವುದರಲ್ಲಿ ಆಗ ಕೋರ್ಟಿಗೇ ನನ್ನನ್ನು ಮೀರಿಸುವವರಿರಲಿಲ್ಲ. ಹಾಗೆ ಒಂಟಿಕೊಪ್ಪಲಿನ ಓಣಿಯ ಕೇಸು ನನ್ನ ಪಾಲಿಗೆ ಬಂತು.

ಕೇಸು ಇಷ್ಟೇ. ಒಂದು ಮನೆಯ ಹಿಂದೆ ಇನ್ನೊಂದು ಮನೆ. ಹಿಂದಿನ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಎಲ್ಲರಿಗೂ ಅವರು ಟೀಚರ್. ಅವರ ಮನೆಗೆ ಹೋಗಲು ಇದ್ದದ್ದು ಮುಂದಿನ ಮನೆಯ ಪಕ್ಕದ ಓಣಿ. ಮುಂದಿನ ಮನೆಯ ಯಜಮಾನರು ನಿವೃತ್ತರಾಗಿ ಮಧ್ಯಾಹ್ನದ ನಿದ್ದೆ ಶುರುಮಾಡಿದ ಮೇಲೆ ಅವರಿಗೆ ಹಿಂದಿನ ಮನೆಯ ಟಕಟಕ ಕೇಳಿಸತೊಡಗಿತು. ಓಣಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದರು. ಟೀಚರೂ ಅವರ ನೆಂಟರೂ ಓಡಾಡಲಿ, ಕೇಳಿದಾಗ ಬೀಗ ತೆಗೆಯುತ್ತೇನೆ, ಆದರೆ ಊರ ಹುಡುಗಿಯರೆಲ್ಲ ಬರಕೂಡದು ಎಂದು ಅವರ ವಾದ. ಟೀಚರು ಬಂದ ಹುಡುಗಿಯರನ್ನೆಲ್ಲ "ನನ್ನ ತಂಗಿ ಮಗಳು" ಎಂದು ಒಳಗೆ ಕರೆದುಕೊಳ್ಳತೊಡಗಿದರು. ಯಜಮಾನರು ಕೆಲವು ದಿನ ನೋಡಿ, "ಇವರ ತಾಯಿ ಎಷ್ಟು ಹೆತ್ತಿದ್ರು ಸ್ವಾಮಿ?" ಎಂದು ಕೇಳಿ, ಟೀಚರೊಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಬೀಗ ತೆಗೆಯುವುದನ್ನೇ ನಿಲ್ಲಿಸಿದರು. ಟೀಚರು ಕೋರ್ಟಿಗೆ ಬಂದರು. ಹಿತ್ತಲ ಕಡೆ ಕನ್ಸರ್ವೆನ್ಸಿ ಗಲ್ಲಿ ಇದೆಯಲ್ಲ, ಹುಡುಗಿಯರು ಅದರಲ್ಲಿ ಬರಲಿ ಎಂದು ಯಜಮಾನರು ಉತ್ತರ ಕೊಟ್ಟರು. ಆ ದಾರಿ ಇದೆಯೇ ಇಲ್ಲವೇ ಎಂದು ನಾನು ನೋಡಿ ಹೇಳಬೇಕಿತ್ತು. ಮುಂದಿನ ತಿಂಗಳು ಟೈಪಿಂಗ್ ಪರೀಕ್ಷೆ. ಅಷ್ಟರಲ್ಲಿ ದಾರಿ ತೆರೆಯದಿದ್ದರೆ ಉಳಿದ ಹುಡುಗಿಯರೂ ಬೇರೆ ಕಡೆ ಸೇರುತ್ತಿದ್ದರು, ಟೀಚರ ಕ್ಲಾಸು ಅಲ್ಲಿಗೆ ಮುಚ್ಚುತ್ತಿತ್ತು. ಅವರಿಗೆ ಬೇರೆ ಜೀವನಾಧಾರ ಇರಲಿಲ್ಲ.

ಸೀನಿಯರ್ ನನ್ನನ್ನು ಕೂರಿಸಿಕೊಂಡು ಉಪದೇಶ ಮಾಡಿದರು. "ನೋಡಮ್ಮ, ಕಮಿಷನರ್ ಅಂದ್ರೆ ಕೋರ್ಟಿನ ಕಣ್ಣು. ಯಾವ ಪಾರ್ಟಿ ಮನೇಲೂ ಒಂದು ಲೋಟ ನೀರೂ ಕುಡೀಬೇಡ. ಕಾಫಿ ಕುಡಿದ್ರೆ ಕಾಫಿ ಮೇಲೆ ತಕರಾರು ಬರುತ್ತೆ."

ಶುಕ್ರವಾರ ಮಧ್ಯಾಹ್ನದ ಮೇಲೆ ಬರುತ್ತೇನೆಂದು ಎರಡೂ ಕಡೆಗೆ ನೋಟಿಸು ಕೊಟ್ಟೆ. ಅದು ಶ್ರಾವಣ ಶುಕ್ರವಾರ ಎಂಬುದು ನನ್ನ ತಲೆಗೇ ಹೊಳೆಯಲಿಲ್ಲ. ಅಮ್ಮನಿಗೆ ಹೊಳೆಯಿತು. "ಒಳ್ಳೆ ದಿನಾನೇ ಇಟ್ಕೊಂಡಿದೀಯ ಬುಡು" ಎಂದು ಹರಸಿ, ಗಂಜಿ ಹಾಕಿದ ಬಿಳಿ ಸೀರೆ ಕೊಟ್ಟು ಬಸ್ಸು ಹತ್ತಿಸಿದರು.

ಹೋಗಿ ನೋಡಿದರೆ ಗೇಟಿನ ಮುಂದೆ ಮೂವರು ನಿಂತಿದ್ದರು. ಒಬ್ಬರು ಯಜಮಾನರು, ಅವರ ವಕೀಲರಿಗೆ ಬೇರೆ ಕೆಲಸವಿತ್ತಂತೆ. ಇನ್ನೊಬ್ಬರು ಟೀಚರು: ಸಣ್ಣ ಮೈಕಟ್ಟು, ಬೋಳು ಹಣೆ, ಸುಮ್ಮನೆ ನಿಂತಾಗಲೂ ಏನನ್ನೋ ಟೈಪು ಮಾಡುವ ಬೆರಳುಗಳು. ಮೂರನೆಯವರು ಟೀಚರ ವಕೀಲರು. ತಕರಾರು ಅವರ ಉಸಿರು. ನ್ಯಾಯಾಧೀಶರು "ಗುಡ್ ಮಾರ್ನಿಂಗ್" ಎಂದರೂ ಎದ್ದು ನಿಂತು ಆಕ್ಷೇಪಿಸುವವರೆಂದು ಅವರ ಮೇಲೆ ಜೋಕಿತ್ತು.

"ಕಮಿಷನರ್ ಮೇಡಂ ಬಂದ್ರು" ಎಂದು ಮೂವರೂ ಕೈ ಮುಗಿದರು. ಅಪ್ಪನ ವಯಸ್ಸಿನವರು! ನನಗೆ ನಗು ಒತ್ತರಿಸಿ ಬಂತು. ಗಂಭೀರವಾಗಿರಲು ಟೇಪು ಬಿಚ್ಚಿ, ಬೇಕೋ ಬೇಡವೋ, ಗೇಟಿನ ಅಗಲ ಅಳೆದೆ. ಯಜಮಾನರ ಹೆಂಡತಿ ಕಾಫಿ ತಂದರು, ಬೇಡವೆಂದೆ. ಟೀಚರು ಮಜ್ಜಿಗೆ ತರಲು ಹೊರಟರು, ತಡೆದೆ. "ವರದೀನ ನಾನೇ ಟೈಪ್ ಮಾಡ್ಕೊಡ್ಲಾ? ಒಂದೂ ತಪ್ಪಿರಲ್ಲ" ಎಂದು ಅವರು ಮುಗ್ಧವಾಗಿ ಕೇಳಿದಾಗ ಅವರ ವಕೀಲರೇ ಹಣೆ ಚಚ್ಚಿಕೊಂಡರು.

ಆಮೇಲೆ ಕನ್ಸರ್ವೆನ್ಸಿ ನೋಡಬೇಕಾಯಿತು. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಬೆನ್ನು ತಾಗದಂತೆ ಬಿಟ್ಟ ಆ ಕಿರುದಾರಿಯಲ್ಲಿ ಹಿಂದೆ ಕಸ ಸಾಗಿಸುವವರು ಓಡಾಡುತ್ತಿದ್ದರಂತೆ. ನಾನು ಕಂಡಾಗ ಅಲ್ಲಿ ಮನುಷ್ಯರ ಓಡಾಟವೇ ಇರಲಿಲ್ಲ. "ಚೆನ್ನಾಗಿ ಹೋಗ್ಬಹುದು ಮೇಡಂ, ಧಾರಾಳವಾಗಿ ಹೋಗ್ಬಹುದು" ಎಂದು ಯಜಮಾನರು ಹಿಂದಿನಿಂದ ಹುರಿದುಂಬಿಸಿದರು. ತಾವು ಮಾತ್ರ ಒಂದು ಹೆಜ್ಜೆ ಮುಂದಿಡಲಿಲ್ಲ. ಕೋರ್ಟಿನ ಕಣ್ಣಾದ ನಾನು ಸೀರೆ ಎತ್ತಿ ಕಟ್ಟಿ ಹೊರಟೆ. ಲಾಂಟಾನದ ಪೊದೆ ಕೋಟು ಹಿಡಿದೆಳೆಯಿತು. ಒಂದು ಹಂದಿ, ಹಿಂದೆ ಅದರ ಸಂಸಾರ, ನನ್ನನ್ನು ನೋಡಿ ಎದ್ದು ನಿಂತಿತು. ನಾನು ಪಕ್ಕಕ್ಕೆ ಸರಿದೆ, ಪಕ್ಕದಲ್ಲಿ ಚರಂಡಿಯಿತ್ತು. ಮೊಣಕಾಲವರೆಗೆ ಇಳಿದ ಕಾಲು ಮೇಲೆ ಬಂತು, ಚಪ್ಪಲಿ ಬರಲಿಲ್ಲ. ಹಾಗೇ ಕುಂಟುತ್ತ ಟೀಚರ ಮನೆಯ ಹಿಂಗೋಡೆ ಮುಟ್ಟಿದೆ. ಅದಕ್ಕೆ ಬಾಗಿಲು ಇಲ್ಲವೇ ಇಲ್ಲ. ದಾರಿಯಿಲ್ಲವೆಂದು ವರದಿ ಬರೆಯಲು ನನಗಿನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ; ನನ್ನ ಒಂದು ಚಪ್ಪಲಿಯೇ ಅಲ್ಲಿ ಹೂತುಹೋಗಿತ್ತು.

ಈಚೆ ಬಂದ ನನ್ನನ್ನು ಕಂಡು ಯಜಮಾನರ ಹೆಂಡತಿ ಬಾಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಶಿವನೇ, ಬನ್ನಿ ಬನ್ನಿ, ಕಾಲು ತೊಳ್ಕೊಳ್ಳಿ" ಎಂದು ಬಚ್ಚಲಿಗೆ ಎಳೆದುಕೊಂಡೇ ಹೋದರು. ಸೀನಿಯರ್ ನೀರು ಕುಡಿಯಬೇಡ ಎಂದಿದ್ದರು, ಕಾಲಿಗೆ ಹಾಕಿಕೊಳ್ಳಬೇಡ ಎಂದಿರಲಿಲ್ಲ. ತೊಳೆದುಕೊಂಡು ನಡುಮನೆಗೆ ಬಂದರೆ ಮಣೆ ಹಾಕಿತ್ತು. "ಶ್ರಾವಣ ಶುಕ್ರವಾರ ಹೆಣ್ಮಗಳು ಮನೆಗೆ ಬಂದು ಬರೀ ಹಣೇಲಿ ಹೋಗ್ಬಾರ್ದು ಕಣಮ್ಮ. ಕೋರ್ಟು ಕೋರ್ಟಿನ ಪಾಡಿಗೆ ಇರ್ಲಿ." ನಾನು ಹೂಂ ಉಹೂಂ ಎನ್ನುವಷ್ಟರಲ್ಲಿ ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ, ಮುಡಿಗೆ ಮಲ್ಲಿಗೆ, ಕೈಗೆ ವೀಳ್ಯದೆಲೆ, ಬಾಳೆಹಣ್ಣು, ಬ್ಲೌಸ್ ಪೀಸು. ಹುಟ್ಟಿದಾಗಿನಿಂದ ಯಾರೇ ಕುಂಕುಮ ಹಿಡಿದು ಬಂದರೂ ತಲೆ ತಾನಾಗಿ ಬಾಗುವ ಅಭ್ಯಾಸ, ಅಂದೂ ಬಾಗಿತು. ಮೇಲಾಗಿ ಬಗ್ಗಿ ಅವರ ಕಾಲಿಗೂ ನಮಸ್ಕಾರ ಮಾಡಿದೆ.

ಒಂದು ಕಾಲಲ್ಲಿ ಚಪ್ಪಲಿ, ಎರಡು ಕೈ ತುಂಬ ತಾಂಬೂಲ, ಕರಿ ಕೋಟಿನ ಮೇಲೆ ಮಲ್ಲಿಗೆ. ಈ ರೂಪದಲ್ಲಿ ಕಮಿಷನರ್ ಪ್ರತಿವಾದಿಯ ಹೊಸಿಲು ದಾಟಿ ಹೊರಗೆ ಬಂದರು.

ಟೀಚರ ವಕೀಲರು ನೋಡಿದರು. ಅವರ ಇಡೀ ವೃತ್ತಿಜೀವನ ಆ ಕ್ಷಣಕ್ಕಾಗಿಯೇ ಕಾದಿತ್ತೇನೋ. "ತಕರಾರಿದೆ!" ಎಂದು ಬೀದಿಗೆ ಕೇಳುವಂತೆ ಕೂಗಿದರು. "ಕಮಿಷನರು ಒಂದು ಪಾರ್ಟಿ ಮನೇಲಿ ಉಡುಗೊರೆ ತಗೊಂಡಿದಾರೆ! ಕಾಲಿಗೂ ಬಿದ್ದಿದಾರೆ, ಕಿಟಕೀಲಿ ನೋಡ್ದೆ! ಈ ಕಮಿಷನ್ ರದ್ದು ಮಾಡಿಸ್ತೀನಿ, ಬೇರೆ ಕಮಿಷನರ್‌ನ ಹಾಕಿಸ್ತೀನಿ!"

ಟೀಚರು ಮೆಲ್ಲಗೆ ಕೇಳಿದರು: "ಬೇರೆಯವರು ಬರೋಕೆ ಎಷ್ಟು ದಿನ ಆಗುತ್ತೆ ಸಾರ್?"

"ದಿನ ಏನಮ್ಮ, ನಾಲ್ಕೈದು ತಿಂಗಳು."

"ಪರೀಕ್ಷೆ ಮುಂದಿನ ತಿಂಗಳು ಸಾರ್."

"ಪರೀಕ್ಷೆ ಆಮೇಲೆ. ಇದು ನ್ಯಾಯದ ಪ್ರಶ್ನೆ. ಆ ಮನೇಲಿ ತಗೊಂಡು ನಿಮ್ಮನೇಲಿ ತಗೊಳ್ದೇ ಇದ್ರೆ ಪಕ್ಷಪಾತ ಅಲ್ವೇನ್ರೀ?"

"ನಮ್ಮನೇಲೂ ತಗೊಂಡ್ರೆ ಸರಿಹೋಯ್ತಲ್ಲ?"

ಯಜಮಾನರು ಬೇರೆ ಕಡೆ ನೋಡಿದರು. ಯಾರಿಗೂ ಹೇಳಲಾಗದ ಮಾತು ಎಲ್ಲರ ನಾಲಿಗೆಯ ಮೇಲೂ ಇತ್ತು. ಕೊನೆಗೆ ವಕೀಲರೇ ಕೆಮ್ಮಿ, "ಅಲ್ಲಮ್ಮಾ... ನೀವು... ಕುಂಕುಮ ಕೊಡೋದು ಅಂದ್ರೆ..." ಎಂದರು.

"ಯಾಕ್ರೀ?" ಟೀಚರ ದನಿ ಒಂದಿಷ್ಟೂ ಏರಲಿಲ್ಲ. "ಪ್ರತಿ ಆಯುಧಪೂಜೆಗೆ ಅಷ್ಟೂ ಮಿಷಿನ್ನಿಗೂ ನಾನೇ ಕುಂಕುಮ ಇಡ್ತೀನಿ. ಅವೇನೂ ಕೆಟ್ಟು ಕೂತಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮದೇನಾದ್ರೂ ತಕರಾರಿದ್ಯಾ ಕಮಿಷನರಮ್ಮ?"

ತಕರಾರೇ! ನನಗೆ ಕುಣಿಯಬೇಕೆನಿಸಿತು, ಅಳಬೇಕೆನಿಸಿತು, ಎರಡೂ ಒಟ್ಟಿಗೆ. ಒಂದೇ ಚಪ್ಪಲಿಯಲ್ಲಿ ಓಣಿಯುದ್ದಕ್ಕೂ ಅವರ ಹಿಂದೆ ನಡೆದೆ. ಟೈಪ್‌ರೈಟರುಗಳ ನಡುವೆ ಒಂದು ಸ್ಟೂಲಿನ ಮೇಲೆ ಕೂತೆ. ಅವರು ಗೂಡಿನಿಂದ ಪುಟ್ಟ ಭರಣಿ ತೆಗೆದರು. ಬೆರಳು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ನಾನೇ ಹಣೆ ಮುಂದೆ ಮಾಡಿದೆ. ನಮ್ಮ ಬೆನ್ನಿಗೇ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನರ ಹೆಂಡತಿ ಸೆರಗಿನೊಳಗಿಂದ ಎರಡು ಬಾಳೆಹಣ್ಣು ತೆಗೆದು ಟೀಚರ ಕೈಗಿಟ್ಟರು. "ಬರೀ ಕುಂಕುಮ ಕೊಡ್ಬಾರ್ದು, ಇದನ್ನೂ ಕೊಡಿ" ಎಂದರು. ಪ್ರತಿವಾದಿಯ ಬಾಳೆಹಣ್ಣು ವಾದಿಯ ಕೈಯಿಂದ ನನ್ನ ಮಡಿಲಿಗೆ ಬಂತು. ಈ ಸಲ ಟೀಚರ ಕಾಲಿಗೂ ನಮಸ್ಕಾರ ಮಾಡಿದೆ, ಕಿಟಕಿಯಲ್ಲಿದ್ದ ವಕೀಲರಿಗೆ ಕಾಣುವ ಹಾಗೆ.

ಮಹಜರನ್ನು ಗೇಟಿನ ಬುಡದಲ್ಲೇ, ಯಾರ ಮನೆಯೂ ಅಲ್ಲದ ಜಾಗದಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಬರೆದೆ. ಕನ್ಸರ್ವೆನ್ಸಿ, ಹಂದಿ, ಚರಂಡಿ, ಬಾಗಿಲಿಲ್ಲದ ಗೋಡೆ ಎಲ್ಲ ಬರೆದ ಮೇಲೆ, ಆಮೇಲೆ ಯಾರೂ ಎಳೆದಾಡದಿರಲೆಂದು ಇನ್ನೊಂದು ಸಾಲು ಸೇರಿಸಿದೆ: ಕಮಿಷನರು ಉಭಯ ಪಕ್ಷದವರ ಮನೆಯಲ್ಲೂ ಸಮನಾಗಿ ಅರಿಶಿನ ಕುಂಕುಮ ಸ್ವೀಕರಿಸಿರುತ್ತಾರೆ. ಎಲ್ಲರೂ ಸಹಿ ಹಾಕಿದರು.

ಸೀನಿಯರ್ ಆ ಸಾಲು ಓದಿ ಕನ್ನಡಕ ತೆಗೆದಿಟ್ಟರು. ಬೈಯಬೇಕೋ ನಗಬೇಕೋ ಅವರಿಗೆ ತಿಳಿಯಲಿಲ್ಲ. ಕೋರ್ಟಿನಲ್ಲಿ ನ್ಯಾಯಾಧೀಶರು ಅದನ್ನು ಗಟ್ಟಿಯಾಗಿಯೇ ಓದಿದರು. "ಇದೂ ಸ್ಥಳ ಪರಿಶೀಲನೆಗೆ ಸೇರಿದ್ದೇನಮ್ಮ?"

"ಸ್ಥಳದಲ್ಲಿ ನಡೆದದ್ದನ್ನ ಬರೆದಿದೀನಿ ಯುವರ್ ಆನರ್."

ಇಡೀ ಹಾಲು ನಕ್ಕಿತು. ವರದಿಗೆ ಯಾರದಾದರೂ ತಕರಾರಿದೆಯೇ ಎಂದು ಅವರು ಕೇಳಿದರು. ಟೀಚರ ವಕೀಲರು ಅಭ್ಯಾಸಬಲದಿಂದ ಏಳಹೊರಟರು. ಹಿಂದಿನ ಬೆಂಚಿನಲ್ಲಿದ್ದ ಟೀಚರು ಅವರ ಕೋಟಿನ ಚುಂಗು ಹಿಡಿದು ಕೂರಿಸಿದರು. ಕೇಸು ಇತ್ಯರ್ಥವಾಗುವ ತನಕ ಗೇಟಿಗೆ ಬೀಗ ಹಾಕಕೂಡದು, ಕ್ಲಾಸಿಗೆ ಬರುವವರನ್ನು ತಡೆಯಕೂಡದು ಎಂದು ತಾತ್ಕಾಲಿಕ ಆಜ್ಞೆಯಾಯಿತು. ನನ್ನ ಕಮಿಷನರ್‌ಗಿರಿ ಅಲ್ಲಿಗೆ ಮುಗಿಯಿತು.

ಹೊರಗೆ ಮರದ ಕೆಳಗೆ ಟೀಚರು ತಮ್ಮ ವಕೀಲರನ್ನು ಹಿಡಿದು ನಿಲ್ಲಿಸಿಕೊಂಡಿದ್ದರು. "ತಾತ್ಕಾಲಿಕ ಅಂದ್ರೆ ಎಲ್ಲಿವರೆಗೆ ಸಾರ್?"

"ಕೇಸು ಮುಗಿಯೋವರೆಗೆ."

"ಕೇಸು ಯಾವಾಗ ಮುಗಿಯುತ್ತೆ?"

ವಕೀಲರು ಎಲ್ಲ ಕಕ್ಷಿದಾರರಿಗೂ ಹೇಳುವ ಹಾಗೆ ಮುಖ ಸಣ್ಣಗೆ ಮಾಡಿಕೊಂಡು ಹೇಳಿದರು. "ನಿಮ್ಮತ್ರ ಯಾಕೆ ಸುಳ್ಳು ಹೇಳ್ಲಮ್ಮ. ಹತ್ತು ವರ್ಷ ಆದ್ರೂ ಆಗ್ಬಹುದು."

"ಹತ್ತು ವರ್ಷಾನಾ!" ಟೀಚರ ಮುಖ ಊರಗಲ ಆಯಿತು. "ಅಷ್ಟರಲ್ಲಿ ನಾನೂ ಸುಸ್ತಾಗಿ ಕ್ಲಾಸು ನಿಲ್ಲಿಸಿರ್ತೀನಿ ಬಿಡಿ. ನಿಧಾನಕ್ಕೇ ನಡೀಲಿ ಸಾರ್, ಅವಸರ ಮಾಡ್ಬೇಡಿ."

ಮರುತಿಂಗಳು ಅವರ ಹುಡುಗಿಯರೆಲ್ಲ ಪರೀಕ್ಷೆಗೆ ಕೂತರು. ಆಮೇಲೆ ಎರಡು ಸಾವಿರದ ಇಸವಿ ದಾಟಿದ ಮೇಲೂ, ಯಾರದೋ ಬದಲಿಗೆ ಯಾವುದೋ ಕೋರ್ಟಿನಲ್ಲಿ ನಿಂತಿರುತ್ತಿದ್ದ ನನಗೆ ಅವರು ಕಾಣಸಿಗುತ್ತಿದ್ದರು. ವಾಯಿದೆ ಸಿಕ್ಕಿತೆಂದು ತಲೆ ಚಚ್ಚಿಕೊಳ್ಳುವವರ ನಡುವೆ ನಗುತ್ತ ಹೊರಬರುವವರು ಅವರೊಬ್ಬರೇ. "ಮತ್ತೆ ಮುಂದಕ್ಕೆ ಹೋಯ್ತು ಕಣಮ್ಮ!" ಎಂದು ನನ್ನ ಕೈ ಹಿಡಿದು ಅಲುಗಿಸಿ, ಕ್ಲಾಸಿಗೆ ಹೊತ್ತಾಯಿತೆಂದು ಒಂಟಿಕೊಪ್ಪಲಿನ ಬಸ್ಸಿಗೆ ಓಡುತ್ತಿದ್ದರು.