ಏಣಿಗೆ ಜೋಡಿ ಮಣೆ

ಆಸ್ಪತ್ರೆಗಳ ಹೊದಿಕೆ, ಹಾಸಿಗೆಬಟ್ಟೆ ಒಗೆದು ಕೊಡುವ ಆ ದೊಡ್ಡ ಲಾಂಡ್ರಿಯ ಮಡಿಚುವ ವಿಭಾಗದಲ್ಲಿ ಅವಳಿಗೆ ಮಣೆ ಅಂತಲೇ ಹೆಸರು. ಕೂತರೂ ನಿಂತರೂ ಅಂಥ ವ್ಯತ್ಯಾಸ ಕಾಣುವುದಿಲ್ಲ ಎಂದು ಇಸ್ತ್ರಿಯವರು ಕಿಸಿಕಿಸಿ ನಗುತ್ತಿದ್ದರು. ಅವಳ ಜೋಡಿಯವಳು ಏಣಿ. ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಉದ್ದ. ಇವರಿಬ್ಬರನ್ನು ಒಂದು ಚಾದರದ ಎರಡು ತುದಿಗೆ ನಿಲ್ಲಿಸಿದ ಪುಣ್ಯಾತ್ಮ ಯಾರೋ, ಈಗ ಯಾರಿಗೂ ನೆನಪಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಿದ್ದೀರಿ ಎಂದು ಮೇಸ್ತ್ರಿ ಮೊದಲ ದಿನವೇ ಹಂಗಿಸಿದ್ದ. ಆಮೇಲೆ ಅವರ ಕೆಲಸ ನೋಡಿ ಬಾಯಿ ಮುಚ್ಚಿಕೊಂಡ.

ಚಾದರ ಮಡಿಚುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇಬ್ಬರೂ ಎರಡೆರಡು ಮೂಲೆ ಹಿಡಿದು ಹಿಂದಕ್ಕೆ ಸರಿದು, ಒಮ್ಮೆ ಝಾಡಿಸಿ, ಉದ್ದಕ್ಕೆ ಮಡಿಚಿ, ಎದುರುಬದುರು ನಡೆದು ಬರಬೇಕು. ಹತ್ತಿರ ಬಂದಾಗ ಒಬ್ಬಳ ಕೈಯ ಮೂಲೆ ಇನ್ನೊಬ್ಬಳ ಕೈಗೆ ಹೋಗುತ್ತದೆ. ಆ ಒಂದು ಗಳಿಗೆಯಲ್ಲಿ ಬೆರಳಿಗೆ ಬೆರಳು ತಾಗುತ್ತದೆ. ಬಟ್ಟೆ ಮಾತ್ರ ನೆಲಕ್ಕೆ ತಾಗಬಾರದು. ತಾಗಿದರೆ ಮತ್ತೆ ಒಗೆಯಲು ಹೋಗಬೇಕು, ಮೇಸ್ತ್ರಿಯ ಬೈಗುಳ ಬೇರೆ.

ಮಣೆಗೆ ಇಡೀ ದಿನದಲ್ಲಿ ಇನ್ನೊಂದು ಜೀವ ತಾಗುವುದೆಂದರೆ ಅಲ್ಲಿ ಮಾತ್ರ. ಗಂಡ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡಿದ್ದ. ಆಮೇಲೆ ಅವಳೂ ಅತ್ತೆಯೂ ಒಂದೇ ಬಾಡಿಗೆ ಕೋಣೆಯಲ್ಲಿ ಜಗಳವಾಡುತ್ತ ಕಾಲ ಕಳೆದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಸೊಸೆಯ ಕಾಲ ಬರುವಷ್ಟರಲ್ಲಿ ಆಳಲು ಅತ್ತೆಯೇ ಇರಲಿಲ್ಲ. ಅವರ ಮಂಚ ಹಾಸಿಗೆ ಸುತ್ತಿಕೊಂಡು ಗೋಡೆಯ ಬದಿಗೆ ಹಾಗೆಯೇ ಇದೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಅದರ ಮೇಲೊಂದು ಸೋರುವ ಕೊಳಾಯಿ. ಬೈಯುವವರೂ ಇಲ್ಲದ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದು ಆ ಚಿಕ್ಕ ಕೋಣೆಯಲ್ಲಿ ಅವಳಿಗೆ ಗೊತ್ತಾಗಿತ್ತು.

ಹಾಗಾಗಿ ಬಲಭುಜ ನೋಯಲು ಶುರುವಾದಾಗ ಅವಳು ತುಟಿ ಪಿಟಕ್ಕೆನ್ನಲಿಲ್ಲ. ನೋವಿನ ಕಾರಣವೂ ಅವಳಿಗೆ ಗೊತ್ತಿತ್ತು. ಏಣಿಯ ಕೈ ಎತ್ತರದಲ್ಲಿರುತ್ತದೆ, ತನ್ನ ತುದಿ ಜೋತುಬೀಳಬಾರದು ಎಂದು ಅವಳು ಕೈಗಳನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದಳು. ಮೊದಲ ದಿನದಿಂದಲೂ ಹಾಗೆಯೇ. ಹೇಳಿದರೆ ಏನಾಗುತ್ತದೆ ಎನ್ನುವುದೂ ಗೊತ್ತಿತ್ತು. ನೋವು ಅಂದವರನ್ನು ಮೇಸ್ತ್ರಿ ಬಟ್ಟೆಗೆ ಆಯಾ ಆಸ್ಪತ್ರೆಯ ಗುರುತುಪಟ್ಟಿ ಹೊಲಿಯುವ ಕೋಣೆಗೆ ಕಳಿಸುತ್ತಿದ್ದ. ಅಲ್ಲಿ ಒಂದು ಕುರ್ಚಿ, ಒಂದು ಸೂಜಿ, ಮಾತಿಗೆ ಗೋಡೆ. ಮನೆಯಲ್ಲಿ ಇರುವ ಗೋಡೆ ಸಾಲದೆ ಇಲ್ಲೂ ಬೇಕೆ? ಅವಳು ಮುಲಾಮು ತಿಕ್ಕಿ, ಹಲ್ಲು ಕಚ್ಚಿ, ಕೈ ಎತ್ತಿದಳು.

ಕೊನೆಕೊನೆಗೆ ತಲೆ ಬಾಚಿಕೊಳ್ಳಲೂ ಆಗದಾಯಿತು. ಹಲ್ಲು ಕಚ್ಚಿದರೆ ಮುಂದಿನಿಂದ ಮೇಲೇಳುತ್ತಿದ್ದ ಕೈ, ತಲೆಯ ಹಿಂದಕ್ಕೆ ಮಾತ್ರ ತಿರುಗದೆ ಕಿವಿಯ ಹತ್ತಿರವೇ ನಿಂತುಬಿಡುತ್ತಿತ್ತು. ಬೆಳಿಗ್ಗೆ ಕೂದಲನ್ನು ಹೇಗೋ ಗಂಟು ಸುತ್ತಿ ಬರುತ್ತಿದ್ದಳು. ಇದೇನೇ ಕಾಗೆ ಗೂಡು ಎಂದು ಗದರಿ ಏಣಿ ಊಟದ ಹೊತ್ತಿಗೆ ಅವಳನ್ನು ನೆಲದ ಮೇಲೆ ಕೂರಿಸಿ, ತಾನು ಮಗುಚಿದ ಬುಟ್ಟಿಯ ಮೇಲೆ ಕೂತು, ಬಗ್ಗಿ ಜಡೆ ಹಾಕುತ್ತಿದ್ದಳು. ಜಡೆ ಹಾಕುತ್ತ ಮನೆಯ ಪುರಾಣ ಬಿಚ್ಚುತ್ತಿದ್ದಳು: ಗಂಡನ ಗೊರಕೆ, ಮೈದುನನ ಸೋಮಾರಿತನ, ಕಾಲಿಗೆ ಸಿಕ್ಕುವ ಮಕ್ಕಳು. ಏಣಿಯ ಮನೆ ಸಂತೆಯಂತೆ. ಅವಳಿಗೆ ಈ ಜಡೆ ದಿನದ ಹತ್ತು ಕೆಲಸಗಳಲ್ಲಿ ಒಂದು ಎಂದು ಮಣೆ ಅಂದುಕೊಂಡಿದ್ದಳು. ತನಗೆ ಅದೊಂದೇ ಎಂದು ಹೇಳಲಿಲ್ಲ.

ಹೀಗಿರುವಾಗ ಲಾಂಡ್ರಿಯ ಮಾಲೀಕ ಒಬ್ಬ ಹೆಂಗಸನ್ನು ಕರೆಸಿದ. ದಿನಾ ಒಬ್ಬರಲ್ಲ ಒಬ್ಬರು ಸೊಂಟ ಹಿಡಿದುಕೊಂಡು ರಜೆ ಹಾಕುತ್ತಿದ್ದರು, ಕೆಲಸ ನಿಲ್ಲುತ್ತಿತ್ತು. ಕೆಲಸ ಮಾಡುವಾಗ ಮೈಕೈ ಕೆಡದ ಹಾಗೆ ನಿಲ್ಲುವುದು, ಎತ್ತುವುದು ಹೇಗೆ ಎಂದು ಕಲಿಸುವುದೇ ಆಕೆಯ ಉದ್ಯೋಗ. ಬಂದ ದಿನವೇ ಎಲ್ಲರೂ ಬೆನ್ನಿನ ಟೀಚರು ಎಂದು ಹೆಸರಿಟ್ಟರು. ಆಕೆ ಒಬ್ಬೊಬ್ಬರನ್ನೇ ನೋವಿದೆಯಾ ಎಂದು ಕೇಳಿದರು. ಎಲ್ಲರೂ ಇಲ್ಲ ಅಂದರು. ಯಾರಿಗೂ ನೋವಿಲ್ಲ, ಮುಲಾಮಿನ ವಾಸನೆ ಮಾತ್ರ ಎಲ್ಲರ ಮೈಯಲ್ಲೂ ಇದೆ ಎಂದು ಟೀಚರು ನಕ್ಕರು. ಹೆಂಗಸರೂ ನಕ್ಕರು, ಬಾಯಿ ಮಾತ್ರ ಬಿಡಲಿಲ್ಲ.

ಟೀಚರು ಮಾತು ಬಿಟ್ಟು ನೋಡುತ್ತ ನಿಂತರು. ತಗ್ಗಾಗಿದ್ದ ಮೇಜುಗಳ ಕಾಲಿಗೆ ಇಟ್ಟಿಗೆ ಕೊಡಿಸಿದರು. ಒದ್ದೆ ಬಟ್ಟೆಯ ಬುಟ್ಟಿಗೆ ಚಕ್ರ ಹಾಕಿಸಿದರು. ಮೇಸ್ತ್ರಿ ಗಂಟುಮೋರೆ ಹಾಕಿಕೊಂಡು ಹಿಂದೆ ಹಿಂದೆ ತಿರುಗಿದ. ಮಣೆ ಮತ್ತು ಏಣಿಯ ಹತ್ತಿರ ಬಂದಾಗ ಆಕೆ ಬಹಳ ಹೊತ್ತು ನಿಂತುಬಿಟ್ಟರು. ಚಾದರ ಹಿಡಿದು ಹಾಗೆಯೇ ಇರಿ, ಅಲ್ಲಾಡಬೇಡಿ ಎಂದು ಹೇಳಿ, ಬದಿಗೆ ಹೋಗಿ ನೋಡಿದರು. ಆಮೇಲೆ ಏಣಿಯನ್ನು ಕೇಳಿದರು:

"ನೀವು ಉದ್ದ ಇದ್ದೀರಿ. ನಿಮ್ಮ ಕೈ ಯಾಕೆ ಅವರ ಕೈಗಿಂತ ಕೆಳಗಿದೆ?"

ಮಣೆ ಆಗ ಚಾದರವನ್ನು ನೋಡಿದಳು. ಅಷ್ಟು ವರ್ಷ ಅವಳು ನೋಡುತ್ತಿದ್ದದ್ದು ಎದುರಿನ ಮುಖವನ್ನೇ ಹೊರತು ಬಟ್ಟೆಯನ್ನಲ್ಲ. ಬಟ್ಟೆ ಅವಳ ತಲೆಯ ಮೇಲಿನಿಂದ ಇಳಿಜಾರಾಗಿ ಏಣಿಯ ಹೊಟ್ಟೆಯ ಹತ್ತಿರಕ್ಕೆ ಇಳಿದಿತ್ತು. ಏಣಿ ಮೊಣಕಾಲು ಮಡಿಚಿ, ಬೆನ್ನು ಬಾಗಿಸಿ ನಿಂತಿದ್ದಳು. ಉದ್ದ ಇರುವವರ ಬೆನ್ನು ಗೂನಾಗಿಯೇ ಇರುತ್ತದೆ ಎಂದು ಮಣೆ ತಿಳಿದಿದ್ದಳು. ಕುಳ್ಳಗಿರುವವರಿಗೆ ಕೈ ಎತ್ತುವ ಹುರುಪು ಜಾಸ್ತಿ ಎಂದು ಏಣಿ ತಿಳಿದಿದ್ದಳು.

"ಅವಳಿಗೆ ಎಟುಕಲ್ಲ ಅಂತ ಬಗ್ತೀನಿ," ಎಂದಳು ಏಣಿ. ಅವಳ ದನಿ ಸಣ್ಣದಾಗಿತ್ತು. "ರಾತ್ರಿ ಮಗ್ಗುಲು ಬದಲಿಸಕ್ಕೂ ಆಗಲ್ಲ ನಂಗೆ."

ಮಣೆಗೆ ನಾಚಿಕೆಯಾಯಿತು, ಅಳು ಬಂತು, ಜೊತೆಗೆ ನಗುವೂ ಬಂತು. ತನ್ನ ಭುಜದ ನೋವನ್ನು ಅವಳೂ ಹೇಳಿಬಿಟ್ಟಳು. ಇವಳು ಅವಳಿಗಾಗಿ ಎತ್ತಿದಳು, ಅವಳು ಇವಳಿಗಾಗಿ ಬಗ್ಗಿದಳು. ಇಬ್ಬರಲ್ಲಿ ಒಬ್ಬಳಾದರೂ ಸ್ವಲ್ಪ ಸ್ವಾರ್ಥಿಯಾಗಿದ್ದರೆ ಒಂದು ಮೈಯಾದರೂ ಉಳಿಯುತ್ತಿತ್ತು. ಬಾಯಿಬಿಟ್ಟು ಕೇಳಿಕೊಂಡಿದ್ದರೆ ಎರಡೂ ಉಳಿಯುತ್ತಿದ್ದವೇನೋ. ಪ್ರೀತಿ ಇದ್ದ ಕಡೆ ಬುದ್ಧಿ ಕೈಕೊಡುವುದು ಹೊಸದೇನಲ್ಲ.

ಟೀಚರು ಬೈಯಲಿಲ್ಲ. ಭುಜಕ್ಕಿಂತ ಮೇಲೆ ಕೈ ಬೇಡ, ಬಗ್ಗಿ ನಿಂತು ಕೆಲಸ ಬೇಡ, ಕೆಲಸ ಮೊಣಕೈಯ ಎತ್ತರದಲ್ಲಿರಲಿ, ಸಣ್ಣ ನೋವಿದ್ದಾಗಲೇ ಹೇಳಿ ಎಂದರು. ನೋವು ಹೇಳಿದವರನ್ನು ಒಂಟಿಯಾಗಿ ಕೂರಿಸುವುದು ನಿಲ್ಲಬೇಕು, ಅದಕ್ಕೇ ಯಾರೂ ಹೇಳುತ್ತಿಲ್ಲ ಎಂದು ಮೇಸ್ತ್ರಿಗೂ ಮುಖಕ್ಕೆ ಹೊಡೆದಂತೆ ಹೇಳಿದರು. ಇದೆಲ್ಲ ಕೇಳಿ ಮಣೆಗೆ ಆ ಹೆಂಗಸಿನ ಮೇಲೆ ಗೌರವ ಹುಟ್ಟಿತು. ಟೀಚರ ಕೊನೆಯ ಮಾತು ಮಾತ್ರ ಅವಳಿಗೆ ಬೇಡವಾಗಿತ್ತು. ಜೋಡಿಗಳು ಎತ್ತರ ನೋಡಿ ಆಗಬೇಕು, ಉದ್ದದವರಿಗೆ ಉದ್ದದವರು, ಕುಳ್ಳರಿಗೆ ಕುಳ್ಳರು.

ಏಣಿಗೆ ಸರಿಸಮ ಎತ್ತರದವಳು ಮಧ್ಯಾಹ್ನದ ಪಾಳಿಯಲ್ಲಿದ್ದಳು. ಏಣಿ ಆ ಪಾಳಿಗೆ ಹೋದಳು. ಮಣೆಗೆ ಬೆಳಗಿನ ಪಾಳಿಯಲ್ಲೇ ತನ್ನಷ್ಟೇ ಕುಳ್ಳಗಿನ ಒಬ್ಬಳು ಸಿಕ್ಕಳು. ಒಳ್ಳೆಯವಳು, ಕೆಲಸ ಚೊಕ್ಕ, ಮಾತು ಕಮ್ಮಿ. ಚಾದರ ಇಬ್ಬರ ಎದೆಯ ಮಟ್ಟದಲ್ಲಿ ನೂಲು ಹಿಡಿದಷ್ಟು ನೆಟ್ಟಗೆ ನಿಲ್ಲುತ್ತಿತ್ತು. ಬೆರಳು ಬೆರಳಿಗೆ ತಾಗುತ್ತಿತ್ತು, ಅಷ್ಟೆ. ಅಭ್ಯಾಸದಂತೆ ಏಣಿಯ ಮುಖದ ಎತ್ತರಕ್ಕೆ ಕಣ್ಣೆತ್ತಿದರೆ ಗೋಡೆಯ ಗಡಿಯಾರ ಕಾಣುತ್ತಿತ್ತು.

ಟೀಚರು ಹೇಳಿಕೊಟ್ಟ ವ್ಯಾಯಾಮವನ್ನು ಅವಳು ತಪ್ಪದೆ ಮಾಡಿದಳು. ಮನೆಯ ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ನಿಧಾನವಾಗಿ ಹತ್ತಿಸುವುದು. ಬೆರಳು ಕ್ಯಾಲೆಂಡರಿನ ತನಕ ಹೋಯಿತು, ಆಮೇಲೆ ಅದರ ಮೊಳೆಯ ತನಕ ಹೋಯಿತು. ನೋವು ಇಳಿಯುತ್ತ ಬಂದಂತೆ ಅವಳಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಒಂದು ಬೆಳಿಗ್ಗೆ ಕೈ ಸಲೀಸಾಗಿ ತಲೆಯ ಹಿಂದಕ್ಕೆ ಹೋಯಿತು. ತಾನೇ ಬಾಚಿಕೊಂಡು, ತಾನೇ ಜಡೆ ಹಾಕಿಕೊಂಡಳು. ಕನ್ನಡಿಯಲ್ಲಿ ಜಡೆ ಚೆನ್ನಾಗಿಯೇ ಕಂಡಿತು. ಅವಳು ಅತ್ತೆಯ ಮಂಚದ ಮೇಲೆ ಕೂತು ಸುಮ್ಮನೆ ಅತ್ತುಬಿಟ್ಟಳು. ಗುಣವಾದದ್ದಕ್ಕೆ ಅಳುವವರನ್ನು ಕಂಡರೆ ಅತ್ತೆ ಏನೆನ್ನುತ್ತಿದ್ದರು ಎಂದು ನೆನೆದು ಇನ್ನಷ್ಟು ಅತ್ತಳು.

ಆ ದಿನ ಪಾಳಿ ಮುಗಿದ ಮೇಲೆ ಅವಳು ಬಸ್ಸಿಗೆ ಓಡಲಿಲ್ಲ. ಗೇಟಿನ ಒಳಗೆ, ಗೋದಾಮಿನ ಮೆಟ್ಟಿಲ ಹತ್ತಿರ ನಿಂತು ಜಡೆ ಬಿಚ್ಚಿದಳು. ಏಣಿ ಬರುತ್ತಾಳೋ ಇಲ್ಲವೋ, ಬಂದರೂ ಪುರುಸೊತ್ತು ಇರುತ್ತದೋ ಇಲ್ಲವೋ. ಅಷ್ಟು ತುಂಬಿದ ಮನೆಯವಳಿಗೆ ತನ್ನ ನೆನಪು ಯಾಕಿರಬೇಕು? ಮಧ್ಯಾಹ್ನದವರು ಒಬ್ಬೊಬ್ಬರಾಗಿ ಒಳಗೆ ಬಂದರು. ಕೂದಲು ಹರಡಿಕೊಂಡು ನಿಂತವಳನ್ನು ನೋಡಿ ಒಂದಿಬ್ಬರು ನಕ್ಕರು. ಅವಳು ಕದಲಲಿಲ್ಲ.

ಏಣಿ ಬಂದಳು. ಬೆನ್ನು ನೆಟ್ಟಗಾಗಿ ಇನ್ನೂ ಉದ್ದ ಕಾಣುತ್ತಿದ್ದಳು. ಬಿಚ್ಚಿದ ಕೂದಲು ನೋಡಿ ಅವಳ ಮುಖ ಸಪ್ಪಗಾಯಿತು.

"ಕೈ ಇನ್ನೂ ಎತ್ತಕ್ಕಾಗಲ್ವಾ?"

"ಆಗುತ್ತೆ," ಎಂದಳು ಮಣೆ. ಕೈಯನ್ನು ತಲೆಯ ಮೇಲಕ್ಕೆತ್ತಿ ತೋರಿಸಿದಳು. "ಬೆಳಿಗ್ಗೆ ನಾನೇ ಹಾಕ್ಕೊಂಡಿದ್ದೆ. ಈಗ ಬಿಚ್ಚಿದೆ."

ಏಣಿ ಊಟದ ಡಬ್ಬಿಯನ್ನು ಕೆಳಗಿಟ್ಟು, ತನ್ನ ಚೀಲಕ್ಕೆ ಕೈ ಹಾಕಿ ಬಾಚಣಿಗೆ ತೆಗೆದಳು. ಮಣೆಗೆ ತಲೆ ಬಾಚುತ್ತಿದ್ದ ಆ ಹಳೆಯ ಬಾಚಣಿಗೆಯನ್ನು ಪಾಳಿ ಬದಲಾದ ಮೇಲೂ ಅವಳು ದಿನಾ ತರುತ್ತಿದ್ದಳು. ಅಭ್ಯಾಸದಂತೆ ಕೂರು ಎಂದು ನೆಲ ತೋರಿಸಿದಳು.

ಮಣೆ ಕೂರಲಿಲ್ಲ. ಅವಳು ಎರಡು ಮೆಟ್ಟಿಲು ಹತ್ತಿದಳು, ತಿರುಗಿ ಏಣಿಯ ಮೊಣಕೈಯ ಎತ್ತರ ನೋಡಿದಳು, ಇನ್ನೊಂದು ಮೆಟ್ಟಿಲು ಹತ್ತಿದಳು. ಆಮೇಲೆ ಬೆನ್ನು ತಿರುಗಿಸಿ ನಿಂತಳು.

"ಬಗ್ಗಬೇಡ," ಎಂದಳು. "ಹಾಗೇ ನಿಂತ್ಕೊಂಡು ಹಾಕು."